ಕಡಲ ತಳದಲ್ಲಿ ದಾರಿ ಮತ್ತು ದ್ರವ್ಯ

ನೀರಿನಲ್ಲಿ ಮುಳುಗಿ ಬದುಕುಳಿಯುವ ಕಂಪ್ಯೂಟರ್ ಆಟವೊಂದಿದೆ. ಅದರ ಹೆಸರು ‘ಸಬ್‌ನಾಟಿಕಾ’. ನಿಮ್ಮ ತರಗತಿಯ ವಿದ್ಯಾರ್ಥಿಗಳಲ್ಲಿ ಕೆಲವರು ಅದನ್ನು ಆಡಿರಬಹುದು, ಇನ್ನು ಕೆಲವರು ಬೇರೆಯವರು ಆಡುವುದನ್ನು ನೋಡಿರಬಹುದು. ಅಮೆರಿಕದ ಅನ್‌ನೋನ್ ವರ್ಲ್ಡ್ಸ್ ಸಂಸ್ಥೆ ಸಿದ್ಧಪಡಿಸಿದ ಈ ಆಟ 2018ರ ಜನವರಿಯಲ್ಲಿ ಪೂರ್ಣ ರೂಪದಲ್ಲಿ ಹೊರಬಂದಿತು. ಕಥೆ ಸರಳವಾಗಿದೆ. ನೀರಿನಿಂದ ಆವೃತವಾದ ಒಂದು ಗ್ರಹದ ಮೇಲೆ ಆಕಾಶನೌಕೆಯೊಂದು ಬಿದ್ದು ಒಡೆಯುತ್ತದೆ. ಬದುಕುಳಿದ ಒಬ್ಬ ಪ್ರಯಾಣಿಕ ಪುಟ್ಟ ರಕ್ಷಣಾ ಕೋಶವೊಂದರಲ್ಲಿ ತೇಲುತ್ತಿರುತ್ತಾನೆ. ಅವನು ಉಸಿರು ಕಟ್ಟಿ ನೀರಿಗೆ ಧುಮುಕಬೇಕು, ತಳದ ಕಲ್ಲುಗಳನ್ನು ಒಡೆದು ಲೋಹಗಳನ್ನು ಆಯಬೇಕು, ಅವುಗಳಿಂದ ಉಪಕರಣಗಳನ್ನೂ ವಾಹನಗಳನ್ನೂ ಮಾಡಿಕೊಂಡು ಇನ್ನಷ್ಟು ಆಳಕ್ಕೆ ಇಳಿಯಬೇಕು.

ಆಟದಲ್ಲಿ ಸುಲಭವಾಗಿ ಕೈಗೆ ಬರುವ ಪ್ರತಿಯೊಂದು ವಸ್ತುವಿಗೂ ನಿಜವಾದ ಕಡಲಿನಲ್ಲಿ ಒಂದು ಬೆಲೆ ಇದೆ. ಆ ಬೆಲೆಯನ್ನು ಒತ್ತಡ, ಗಾಳಿ, ದಿಕ್ಕು ಮತ್ತು ಕಾಲ ಎಂಬ ನಾಲ್ಕು ಬಾಬುಗಳಲ್ಲಿ ತೆರಬೇಕಾಗುತ್ತದೆ. ಆಟವು ಕೆಲವು ಬಾಬುಗಳ ಲೆಕ್ಕವನ್ನು ಸರಿಯಾಗಿ ಇಡುತ್ತದೆ, ಕೆಲವನ್ನು ಬಿಟ್ಟುಬಿಡುತ್ತದೆ. ಯಾವುದು ಸರಿ, ಯಾವುದು ಬಿಟ್ಟುಹೋಗಿದೆ ಎಂಬುದನ್ನು ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ಭೌತವಿಜ್ಞಾನದಿಂದಲೇ ಪರೀಕ್ಷಿಸಬಹುದು.

ಕಡಲಿನಿಂದ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರವಿರುವ ತಾಳಿಕೋಟೆಯಂಥ ಊರಿನಲ್ಲಿ ಕುಳಿತು ಕಡಲ ತಳದ ಮಾತೇಕೆ ಎಂದು ನೀವು ಕೇಳಬಹುದು. 1565ರ ಕದನದಿಂದ ಹೆಸರಾದ ಈ ಊರಿಗೆ ಇನ್ನೊಂದು ಹೆಸರುವಾಸಿ ವಸ್ತುವಿದೆ. ಅದು ನೆಲಕ್ಕೆ ಹಾಸುವ ಪರಸಿ ಕಲ್ಲು. ಆ ಕಲ್ಲು ಒಂದು ಕಾಲದ ಕಡಲ ತಳವೇ ಆಗಿದೆ. ಈ ಸಂಗತಿಗೆ ಮುಂದೆ ಬರೋಣ. ಮೊದಲು ನೀರಿಗಿಳಿಯೋಣ.

ಆಟದ ಕಡಲಿನ ಪ್ರದೇಶಗಳು

ಆಟದ ಜಗತ್ತು ಒಂದು ಜ್ವಾಲಾಮುಖಿಯ ಬಾಯಿಯ ಒಳಗಿದೆ. ನಡುವೆ ಬೆಳಕು ತುಂಬಿದ, ಹವಳದ ಕೊಳವೆಗಳಿರುವ ಆಳವಿಲ್ಲದ ಪ್ರದೇಶ. ಅದರ ಸುತ್ತ ಎತ್ತರವಾಗಿ ಬೆಳೆದ ಕಡಲಕಳೆಯ ಕಾಡು, ಕೆಂಪು ಹುಲ್ಲಿನ ಪ್ರಸ್ಥಭೂಮಿಗಳು. ಅವುಗಳ ಕೆಳಗೆ ಗುಹೆಗಳು, ಗುಹೆಗಳ ಕೆಳಗೆ ಹರಿಯುವ ಒಂದು ನದಿ, ಅದಕ್ಕೂ ಕೆಳಗೆ ಲಾವಾ ಪ್ರದೇಶ. ಬಾಯಿಯ ಅಂಚನ್ನು ದಾಟಿದರೆ ತಳವು ಕಡಿದಾಗಿ ಇಳಿದುಹೋಗುತ್ತದೆ.

ಪ್ರತಿಯೊಂದು ಪ್ರದೇಶಕ್ಕೂ ಅದರದೇ ದ್ರವ್ಯಗಳಿವೆ. ಮೇಲಿನ ಪ್ರದೇಶದಲ್ಲಿ ಸುಣ್ಣಕಲ್ಲಿನ ಉಬ್ಬುಗಳನ್ನು ಒಡೆದರೆ ಟೈಟೇನಿಯಮ್ ಅಥವಾ ತಾಮ್ರ ಸಿಗುತ್ತದೆ. ಮರಳುಗಲ್ಲಿನಲ್ಲಿ ಬೆಳ್ಳಿ, ಚಿನ್ನ, ಸೀಸ. ಜೇಡಿಶಿಲೆಯಲ್ಲಿ ಲಿಥಿಯಮ್, ಚಿನ್ನ, ವಜ್ರ. ನಿಕ್ಕೆಲ್ ಬೇಕಾದರೆ ಗುಹೆಯ ನದಿಯವರೆಗೂ ಇಳಿಯಬೇಕು. ಆಳಕ್ಕೆ ಹೋಗಲು ಲೋಹ ಬೇಕು, ಆ ಲೋಹ ತರಲು ಆಳಕ್ಕೆ ಹೋಗಬೇಕು. ಆಟದ ಕುತೂಹಲವೆಲ್ಲ ಈ ಸುತ್ತಿನಲ್ಲಿದೆ.

ಇಡೀ ಪ್ರದೇಶದ ನಕ್ಷೆಯನ್ನು ಆಟ ಕೊಡುವುದಿಲ್ಲ ಎಂಬುದನ್ನು ಗಮನಿಸಿ. ಆಡುವವನು ದಿಕ್ಸೂಚಿಯನ್ನು ತಾನೇ ಮಾಡಿಕೊಳ್ಳಬೇಕು, ಸಂಕೇತ ಕೊಡುವ ತೇಲುಗುರುತುಗಳನ್ನು ತಾನೇ ನೆಡಬೇಕು. ಸಮುದ್ರ ವಿಜ್ಞಾನಿಗಳ ಕೆಲಸವೂ ಬಹುಮಟ್ಟಿಗೆ ಇದೇ.

ಮೊದಲ ಬಾಬು: ಒತ್ತಡ

ದ್ರವದೊಳಗಿನ ಒತ್ತಡ = ಆಳ × ಸಾಂದ್ರತೆ × ಗುರುತ್ವ ವೇಗೋತ್ಕರ್ಷ. ಇದು ನಿಮಗೆ ತಿಳಿದೇ ಇದೆ. ಸಮುದ್ರದ ನೀರಿನ ಸಾಂದ್ರತೆ ಘನ ಮೀಟರಿಗೆ ಸುಮಾರು 1025 ಕಿಲೋಗ್ರಾಮ್. ಆಳ 10 ಮೀಟರ್ ಆದರೆ ಒತ್ತಡ 10 × 1025 × 9.8, ಅಂದರೆ ಸುಮಾರು 1,00,450 ಪ್ಯಾಸ್ಕಲ್. ವಾಯುಮಂಡಲದ ಒತ್ತಡ 1,01,325 ಪ್ಯಾಸ್ಕಲ್. ಎರಡೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು. ಮೇಲಿನ ಗಾಳಿಯ ಒಂದು ವಾಯುಮಂಡಲವನ್ನು ಕೂಡಿಸಲು ಮರೆಯಬಾರದು.

ಆಟದಲ್ಲಿ ಒಬ್ಬನೇ ಕುಳಿತು ಓಡಿಸುವ ಚಿಕ್ಕ ಜಲಾಂತರ್ಗಾಮಿಯೊಂದಿದೆ. ಅದು 200 ಮೀಟರ್ ಆಳವನ್ನು ತಾಳುತ್ತದೆ. ಕವಚವನ್ನು ಹಂತಹಂತವಾಗಿ ಬಲಪಡಿಸಿದರೆ 900 ಮೀಟರ್‌ವರೆಗೆ ಇಳಿಯಬಹುದು. ಗ್ರಹದ ಗುರುತ್ವ ನಮ್ಮ ಭೂಮಿಯಷ್ಟೇ ಎಂದಿಟ್ಟುಕೊಂಡರೆ 200 ಮೀಟರ್‌ನಲ್ಲಿ ಒತ್ತಡ 21 ವಾಯುಮಂಡಲ, 900 ಮೀಟರ್‌ನಲ್ಲಿ 91 ವಾಯುಮಂಡಲ. ವಾಹನದ ಒಳಗಿರುವುದು ಒಂದೇ ವಾಯುಮಂಡಲ. ಅದರ ಗಾಜಿನ ಕಿಟಕಿ ಒಂದು ಮೀಟರ್ ವ್ಯಾಸದ ವೃತ್ತವೆಂದು ಭಾವಿಸಿ. ಅದರ ವಿಸ್ತೀರ್ಣ 0.785 ಚದರ ಮೀಟರ್. 200 ಮೀಟರ್ ಆಳದಲ್ಲಿ ಈ ಕಿಟಕಿಯನ್ನು ಒಳಕ್ಕೆ ತಳ್ಳುವ ಬಲ ಸುಮಾರು 160 ಟನ್ ತೂಕಕ್ಕೆ ಸಮ, 900 ಮೀಟರ್‌ನಲ್ಲಿ 720 ಟನ್ನಿಗೂ ಹೆಚ್ಚು. ಕವಚವನ್ನು ಬಲಪಡಿಸದೆ ಇಳಿಯಬಾರದು ಎಂಬ ಆಟದ ನಿಯಮಕ್ಕೆ ಭೌತವಿಜ್ಞಾನದ ಆಧಾರವಿದೆ.

ಈಗ ನಿಜವಾದ ವಾಹನವೊಂದನ್ನು ನೋಡೋಣ. ಚೆನ್ನೈನಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ‘ಮತ್ಸ್ಯ 6000’ ಎಂಬ ಮಾನವಸಹಿತ ಜಲವಾಹನವನ್ನು ರೂಪಿಸಿದೆ. ಮೂವರನ್ನು 6000 ಮೀಟರ್ ಆಳಕ್ಕೆ ಒಯ್ಯುವುದು ಅದರ ಗುರಿ. 2025ರ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಚೆನ್ನೈ ಬಳಿಯ ಕಾಟ್ಟುಪಳ್ಳಿ ಬಂದರಿನಲ್ಲಿ ಅದರ ನೀರಿನ ಪರೀಕ್ಷೆಗಳು ನಡೆದವು. ಪ್ರಯಾಣಿಕರು ಕುಳಿತುಕೊಳ್ಳುವ ಭಾಗ ಟೈಟೇನಿಯಮ್ ಮಿಶ್ರಲೋಹದ ಗೋಳ. ಅದರ ವ್ಯಾಸ 2.1 ಮೀಟರ್, ಗೋಡೆಯ ದಪ್ಪ 80 ಮಿಲಿಮೀಟರ್.

6000 ಮೀಟರ್ ಆಳದಲ್ಲಿ ಒತ್ತಡ ಸುಮಾರು 600 ವಾಯುಮಂಡಲ, ಅಂದರೆ ಸುಮಾರು 60 ಮೆಗಾಪ್ಯಾಸ್ಕಲ್. ಹೆಬ್ಬೆರಳಿನ ಉಗುರಿನಷ್ಟು, ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ 615 ಕಿಲೋಗ್ರಾಮ್ ಭಾರ! ತೆಳುವಾದ ಗೋಳದ ಗೋಡೆಯಲ್ಲಿ ಉಂಟಾಗುವ ಪೀಡನವನ್ನು ಕಂಡುಹಿಡಿಯಲು ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ, ದಪ್ಪದ ಎರಡರಷ್ಟರಿಂದ ಭಾಗಿಸಬೇಕು. 60 × 1.05 ÷ 0.16 ಎಂದರೆ ಸುಮಾರು 394 ಮೆಗಾಪ್ಯಾಸ್ಕಲ್. ಟೈಟೇನಿಯಮ್‌ನ ಒಳ್ಳೆಯ ಮಿಶ್ರಲೋಹಗಳು 800ರಿಂದ 900 ಮೆಗಾಪ್ಯಾಸ್ಕಲ್‌ವರೆಗೆ ಶಾಶ್ವತವಾಗಿ ವಿರೂಪಗೊಳ್ಳದೆ ತಾಳುತ್ತವೆ. ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಸುರಕ್ಷೆಯ ಅಂತರ ಇದೆ ಎಂದಾಯಿತು. ಇದು ಸ್ಥೂಲ ಲೆಕ್ಕ. ಎಂಜಿನಿಯರುಗಳು ಗೋಳವು ಸೊಟ್ಟಗಾಗಿ ಕುಸಿಯುವ ಸಾಧ್ಯತೆಯನ್ನೂ ಬೆಸುಗೆಯ ದೋಷಗಳನ್ನೂ ಪರಿಗಣಿಸುತ್ತಾರೆ. ಆದರೂ ಗೋಳದ ಆಕಾರ ಮತ್ತು ಟೈಟೇನಿಯಮ್ ಏಕೆ ಬೇಕು ಎಂಬುದು ಈ ಒಂದು ಸಾಲಿನ ಲೆಕ್ಕದಿಂದಲೇ ತಿಳಿಯುತ್ತದೆ. ಗೋಳದಲ್ಲಿ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಅದೇ ತ್ರಿಜ್ಯದ, ಅದೇ ದಪ್ಪದ ಉರುಳೆಯಾಗಿದ್ದರೆ ಪೀಡನ ಎರಡರಷ್ಟಾಗುತ್ತಿತ್ತು.

ಆಟದಲ್ಲಿ ಮಿತಿ ಮೀರಿ ಇಳಿದರೆ ಎಚ್ಚರಿಕೆಯ ಧ್ವನಿ ಬರುತ್ತದೆ, ಕವಚ ನಿಧಾನವಾಗಿ ಜಖಂ ಆಗುತ್ತದೆ, ಮೇಲೆ ಬಂದು ದುರಸ್ತಿ ಮಾಡಿಕೊಳ್ಳಬಹುದು. ವಾಸ್ತವದಲ್ಲಿ ಹಾಗಲ್ಲ. 2023ರ ಜೂನ್ 18ರಂದು ಟೈಟಾನಿಕ್ ಹಡಗಿನ ಅವಶೇಷ ನೋಡಲು ಹೊರಟ ‘ಟೈಟನ್’ ಎಂಬ ವಾಹನ ಅಟ್ಲಾಂಟಿಕ್ ಸಾಗರದಲ್ಲಿ ಕುಸಿದು ಐದು ಮಂದಿ ಸತ್ತರು. ಅದರ ಒಡಲು ಇಂಗಾಲದ ಎಳೆಗಳಿಂದ ಮಾಡಿದ ಉರುಳೆಯಾಗಿತ್ತು. ಅಷ್ಟು ಒತ್ತಡದಲ್ಲಿ ಕುಸಿತ ಒಂದು ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಮುಗಿದುಹೋಗುತ್ತದೆ. ದುರಸ್ತಿಗೆ ಅಲ್ಲಿ ಅವಕಾಶವಿಲ್ಲ.

ಎರಡನೆಯ ಬಾಬು: ಗಾಳಿ

ಆಟದ ಆರಂಭದಲ್ಲಿ ಮುಳುಗುವವನಿಗೆ 45 ಸೆಕೆಂಡುಗಳ ಉಸಿರು ಇರುತ್ತದೆ. ಗಾಳಿಯ ಸಿಲಿಂಡರ್ ಕಟ್ಟಿಕೊಂಡರೆ ಈ ಸಮಯ ಹೆಚ್ಚುತ್ತದೆ. 100 ಮೀಟರ್ ಆಳದವರೆಗೂ ಖರ್ಚು ಒಂದೇ ಸಮನಾಗಿರುತ್ತದೆ. ಅದಕ್ಕಿಂತ ಕೆಳಗೆ ಗಾಳಿ ಬೇಗ ಖಾಲಿಯಾಗುತ್ತದೆ. ‘ರೀಬ್ರೀದರ್’ ಎಂಬ ಉಪಕರಣ ಧರಿಸಿದರೆ ಈ ಹೆಚ್ಚುವರಿ ಖರ್ಚು ನಿಲ್ಲುತ್ತದೆ. ಇದರಲ್ಲಿ ನಿಜವೆಷ್ಟು?

ಬಾಯ್ಲ್‌ನ ನಿಯಮವನ್ನು ನೆನಪಿಸಿಕೊಳ್ಳಿ. ಉಷ್ಣತೆ ಸ್ಥಿರವಾಗಿದ್ದಾಗ ಅನಿಲದ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ ಸ್ಥಿರ. 12 ಲೀಟರಿನ ಸಿಲಿಂಡರಿನಲ್ಲಿ 200 ವಾಯುಮಂಡಲ ಒತ್ತಡದಲ್ಲಿ ಗಾಳಿ ತುಂಬಿದ್ದರೆ ಅದು ಮೇಲ್ಮೈಯಲ್ಲಿ 2400 ಲೀಟರ್ ಗಾಳಿಗೆ ಸಮ. ಈಜುವವನು ನಿಮಿಷಕ್ಕೆ 20 ಲೀಟರ್ ಗಾಳಿ ಉಸಿರಾಡಿದರೆ ಮೇಲ್ಮೈಯಲ್ಲಿ 120 ನಿಮಿಷ ಬರುತ್ತದೆ. ಆದರೆ 10 ಮೀಟರ್ ಆಳದಲ್ಲಿ ಪ್ರತಿ ಲೀಟರಿನಲ್ಲೂ ಎರಡರಷ್ಟು ಅಣುಗಳನ್ನು ಒಳಗೆಳೆದುಕೊಳ್ಳಬೇಕು. ಅಲ್ಲಿ ಗಾಳಿ 60 ನಿಮಿಷಕ್ಕೇ ಮುಗಿಯುತ್ತದೆ. 30 ಮೀಟರ್‌ನಲ್ಲಿ 30 ನಿಮಿಷಕ್ಕೆ. 90 ಮೀಟರ್ ಆದರೆ ಲೆಕ್ಕದ ಪ್ರಕಾರ ಕೇವಲ 12 ನಿಮಿಷ. ಮೇಲಿನ 100 ಮೀಟರ್‌ವರೆಗೆ ಖರ್ಚು ಸಮನಾಗಿರುತ್ತದೆ ಎಂಬ ಆಟದ ನಿಯಮ ಹೀಗಾಗಿ ತಪ್ಪು. ಖರ್ಚು ಮೊದಲ ಮೀಟರಿನಿಂದಲೇ ಏರುತ್ತದೆ.

ರೀಬ್ರೀದರಿನ ವಿಷಯದಲ್ಲಿ ಆಟ ಹೇಳುವುದು ಸರಿಯಾಗಿದೆ. ದೇಹಕ್ಕೆ ನಿಮಿಷವೊಂದಕ್ಕೆ ಬೇಕಾಗುವ ಆಮ್ಲಜನಕದ ಅಣುಗಳ ಸಂಖ್ಯೆ ಆಳವನ್ನು ಅವಲಂಬಿಸಿಲ್ಲ. ಕೆಲಸದ ಶ್ರಮವನ್ನು ಅವಲಂಬಿಸಿದೆ. ಸಾಧಾರಣ ಸಿಲಿಂಡರಿನಿಂದ ಉಸಿರಾಡುವವನು ಬಳಸದೆ ಉಳಿದ ಆಮ್ಲಜನಕವನ್ನೂ ಗುಳ್ಳೆಗಳಾಗಿ ನೀರಿಗೆ ಬಿಡುತ್ತಾನೆ. ರೀಬ್ರೀದರ್ ಆ ಉಸಿರನ್ನು ಹಿಡಿದಿಟ್ಟು, ಕಾರ್ಬನ್ ಡೈಆಕ್ಸೈಡನ್ನು ರಾಸಾಯನಿಕದಿಂದ ತೆಗೆದು, ಖರ್ಚಾದಷ್ಟೇ ಆಮ್ಲಜನಕವನ್ನು ಸೇರಿಸಿ ಮರಳಿ ಕೊಡುತ್ತದೆ. ಆದ್ದರಿಂದ ಆಳ ಹೆಚ್ಚಿದರೂ ಆಮ್ಲಜನಕದ ಖರ್ಚು ಹೆಚ್ಚುವುದಿಲ್ಲ.

ಆಟ ಪೂರ್ತಿ ಮರೆತಿರುವುದು ಮೇಲೇರುವ ಬೆಲೆಯನ್ನು. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗುತ್ತದೆ. ಥಟ್ಟನೆ ಮೇಲೆ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗಿನಂತೆ ಅದು ಗುಳ್ಳೆಗಟ್ಟುತ್ತದೆ. ಕೀಲುನೋವಿನಿಂದ ಲಕ್ವದವರೆಗೆ, ಸಾವಿನವರೆಗೂ ಇದರ ಪರಿಣಾಮವಿದೆ. ಹವ್ಯಾಸಿ ಮುಳುಗುಗಾರರು 40 ಮೀಟರ್ ದಾಟಬಾರದು, ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ವೇಗವಾಗಿ ಏರಬಾರದು ಎಂಬ ನಿಯಮ ಇದಕ್ಕಾಗಿಯೇ ಇದೆ. ಆಟದ ನಾಯಕ ನೂರಾರು ಮೀಟರಿನಿಂದ ಕೆಲವೇ ಸೆಕೆಂಡುಗಳಲ್ಲಿ ಮೇಲೆ ಬಂದು ನಗುತ್ತಾನೆ.

ಇಲ್ಲಿ ಶಿಕ್ಷಕರು ವಿದ್ಯಾರ್ಥಿಗಳಿಗೆ ಖಂಡಿತವಾಗಿ ಹೇಳಬೇಕಾದ ಒಂದು ಮಾತಿದೆ. ನಮ್ಮ ಭಾಗದಲ್ಲಿ ಬಾವಿ, ಕಾಲುವೆಗಳ ಜೊತೆಗೆ ಮಳೆಗಾಲದಲ್ಲಿ ನೀರು ತುಂಬುವ ಕಲ್ಲಿನ ಖಣಿಗಳೂ ಇವೆ. ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂದು ಹುಡುಗರು ಪಂದ್ಯ ಕಟ್ಟುವುದುಂಟು. ಮುಳುಗುವ ಮೊದಲು ಹತ್ತಾರು ಸಲ ಜೋರಾಗಿ ಉಸಿರೆಳೆದು ಬಿಟ್ಟರೆ ಹೆಚ್ಚು ಹೊತ್ತು ಇರಬಹುದು ಎಂಬ ನಂಬಿಕೆಯೂ ಇದೆ. ಇದು ಪ್ರಾಣಾಪಾಯಕಾರಿ. ಉಸಿರಾಡಬೇಕೆಂಬ ತುಡಿತವನ್ನು ಹುಟ್ಟಿಸುವುದು ಮುಖ್ಯವಾಗಿ ರಕ್ತದ ಕಾರ್ಬನ್ ಡೈಆಕ್ಸೈಡ್. ಜೋರಾಗಿ ಉಸಿರಾಡಿದಾಗ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ; ಕಾರ್ಬನ್ ಡೈಆಕ್ಸೈಡ್ ಮಾತ್ರ ಹೊರಟುಹೋಗುತ್ತದೆ. ತುಡಿತ ಬರುವ ಮೊದಲೇ ಆಮ್ಲಜನಕ ಮುಗಿದು ಎಚ್ಚರ ತಪ್ಪುತ್ತದೆ. ಮೇಲೆ ಬರುವಾಗ ಒತ್ತಡ ಇಳಿಯುವುದರಿಂದ ಶ್ವಾಸಕೋಶದ ಆಮ್ಲಜನಕದ ಆಂಶಿಕ ಒತ್ತಡವೂ ಇಳಿದು, ದಡಕ್ಕೆ ಕೈಯಳತೆಯ ದೂರದಲ್ಲೇ ಹುಡುಗ ಮುಳುಗಿಬಿಡಬಹುದು. ಚೆನ್ನಾಗಿ ಈಜು ಬಲ್ಲವರಿಗೂ ಹೀಗಾಗುತ್ತದೆ. ಯಾವ ಮುನ್ಸೂಚನೆಯೂ ಇರುವುದಿಲ್ಲ.

ಮೂರನೆಯ ಬಾಬು: ದಿಕ್ಕು

ನೀರಿನಲ್ಲಿ ದಾರಿ ಕಾಣುವುದು ಏಕೆ ಕಷ್ಟ? ಮೊದಲನೆಯದಾಗಿ ಬೆಳಕು. ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರುಗಳಲ್ಲೇ ಹೀರಿಕೊಳ್ಳುತ್ತದೆ. ನೀಲಿ ಬೆಳಕು ಅತಿ ಆಳಕ್ಕೆ ಹೋಗುತ್ತದೆ. ಸುಮಾರು 200 ಮೀಟರಿನ ಕೆಳಗೆ ದ್ಯುತಿಸಂಶ್ಲೇಷಣೆಗೆ ಸಾಲುವಷ್ಟು ಬೆಳಕು ಉಳಿಯುವುದಿಲ್ಲ. 1000 ಮೀಟರಿನ ಕೆಳಗೆ ಸೂರ್ಯನ ಬೆಳಕೇ ಇಲ್ಲ. ಕಂಡ ವಸ್ತುವೂ ಇದ್ದಲ್ಲಿ ಕಾಣುವುದಿಲ್ಲ. ನೀರಿನ ವಕ್ರೀಭವನಾಂಕ 4/3. ಕನ್ನಡಕದ ಹಿಂದೆ ಗಾಳಿ ಇರುವುದರಿಂದ 4 ಮೀಟರ್ ದೂರದ ಕಲ್ಲು 3 ಮೀಟರಿನಲ್ಲಿ ಇದ್ದಂತೆ ತೋರುತ್ತದೆ.

ಎರಡನೆಯದು ರೇಡಿಯೊ ತರಂಗ. ಉಪ್ಪುನೀರು ವಿದ್ಯುದ್ವಾಹಕ. ಮೊಬೈಲಿನಲ್ಲಿ ನಾವು ನೋಡುವ ಜಿ.ಪಿ.ಎಸ್. ಉಪಗ್ರಹದ ಸಂಕೇತಗಳು ಸಮುದ್ರದ ನೀರಿನಲ್ಲಿ ಕೆಲವೇ ಸೆಂಟಿಮೀಟರುಗಳಲ್ಲಿ ಅಳಿಸಿಹೋಗುತ್ತವೆ. ಉಳಿಯುವುದು ಮೂರು ಸಾಧನಗಳು: ದಿಕ್ಸೂಚಿ, ಒತ್ತಡಮಾಪಕ ಮತ್ತು ಶಬ್ದ.

ದಿಕ್ಸೂಚಿ ನೀರಿನಲ್ಲೂ ಕೆಲಸ ಮಾಡುತ್ತದೆ, ಏಕೆಂದರೆ ಭೂಮಿಯ ಕಾಂತಕ್ಷೇತ್ರಕ್ಕೆ ನೀರು ಅಡ್ಡಿಯಲ್ಲ. ಆದರೆ ಸಣ್ಣ ದೋಷವೂ ದೊಡ್ಡದಾಗುತ್ತದೆ. ದಿಕ್ಕಿನಲ್ಲಿ 5 ಡಿಗ್ರಿ ತಪ್ಪಿ 1000 ಮೀಟರ್ ಹೋದರೆ ಗುರಿಯಿಂದ ಸುಮಾರು 87 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಕಣ್ಣಿಗೆ 20 ಮೀಟರ್ ದೂರ ಮಾತ್ರ ಕಾಣುವ ನೀರಿನಲ್ಲಿ ಗುರಿ ಸಿಗುವುದೇ ಇಲ್ಲ. ಪ್ರವಾಹವಿದ್ದರೆ ತಪ್ಪು ಇನ್ನೂ ಹೆಚ್ಚು.

ಆಳವನ್ನು ಒತ್ತಡದಿಂದ ತಿಳಿಯಬಹುದು. ದೂರವನ್ನು ಶಬ್ದದಿಂದ ಅಳೆಯುತ್ತಾರೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗೂ ಹೆಚ್ಚು. ತಳದಲ್ಲಿ ಮೂರು ಕಡೆ ಉತ್ತರ ಕೊಡುವ ಶಬ್ದ ಯಂತ್ರಗಳನ್ನು ಇಟ್ಟಿರುತ್ತಾರೆ. ವಾಹನ ಒಂದು ಮಿಡಿತ ಕಳಿಸುತ್ತದೆ, ಯಂತ್ರ ಮರುಮಿಡಿತ ಕೊಡುತ್ತದೆ. ಹೋಗಿ ಬರಲು 1.2 ಸೆಕೆಂಡ್ ಹಿಡಿದರೆ ಆ ಯಂತ್ರ 900 ಮೀಟರ್ ದೂರದಲ್ಲಿದೆ. ಆಳ ತಿಳಿದಿರುವುದರಿಂದ ಪ್ರತಿ ದೂರವೂ ನಕ್ಷೆಯ ಮೇಲೆ ಒಂದು ವೃತ್ತವಾಗುತ್ತದೆ. ಎರಡು ವೃತ್ತಗಳು ಎರಡು ಬಿಂದುಗಳಲ್ಲಿ ಕೂಡುತ್ತವೆ. ಅವುಗಳಲ್ಲಿ ಯಾವುದು ನಿಮ್ಮ ಜಾಗ ಎಂಬುದನ್ನು ಮೂರನೆಯ ವೃತ್ತ ಹೇಳುತ್ತದೆ. ಇದು ನಿಮ್ಮ ರೇಖಾಗಣಿತದ ಪಾಠವೇ.

ಆಟದ ತೇಲುಗುರುತುಗಳು ದೂರವನ್ನು ತಕ್ಷಣ ಪರದೆಯ ಮೇಲೆ ತೋರಿಸುತ್ತವೆ. ನಿಜವಾದ ಕಡಲಿನಲ್ಲಿ ಕಾಯಬೇಕು. 5250 ಮೀಟರ್ ಆಳದ ತಳಕ್ಕೆ ಹಡಗಿನಿಂದ ಕೂಗಿದರೆ ಉತ್ತರ ಬರಲು 7 ಸೆಕೆಂಡ್ ಬೇಕು. ಅಷ್ಟರಲ್ಲಿ ಹಡಗು ಅಲೆಯೊಂದಿಗೆ ಸರಿದಿರುತ್ತದೆ.

ಯಾವ ಕಲ್ಲಿನಲ್ಲಿ ಏನು?

ಈಗ ತಾಳಿಕೋಟೆಗೆ ಮರಳೋಣ. ಇಲ್ಲಿನ ಪರಸಿ ಕಲ್ಲು ಭೀಮಾ ಶ್ರೇಣಿ ಎಂಬ ಜಲಜ ಶಿಲೆಗಳ ಗುಂಪಿಗೆ ಸೇರಿದೆ. ಈ ಶ್ರೇಣಿ ವಿಜಯಪುರ, ಯಾದಗಿರಿ, ಕಲಬುರಗಿ ಜಿಲ್ಲೆಗಳಲ್ಲಿ ಹರಡಿದೆ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಈ ಭಾಗದ ಶಿಲೆಗಳನ್ನು ವಿವರಿಸಿದ್ದಾರೆ. ಕೆಳಗೆ ಪ್ರಾಚೀನ ಗ್ರಾನೈಟ್ ಮತ್ತು ನೈಸ್. ಅದರ ಮೇಲೆ ಮರಳುಗಲ್ಲು, ಜೇಡಿಶಿಲೆ, ಸುಣ್ಣಕಲ್ಲು. ಚಿಪ್ಪು, ಮೂಳೆಗಳಿರುವ ಪ್ರಾಣಿಗಳು ಭೂಮಿಯ ಮೇಲೆ ಕಾಣಿಸಿಕೊಳ್ಳುವುದಕ್ಕೂ ಮೊದಲು, ಆಳವಿಲ್ಲದ ಕಡಲೊಂದರ ತಳದಲ್ಲಿ ಸುಣ್ಣದ ಕೆಸರು ಪದರಪದರವಾಗಿ ಕೂತು ಈ ಕಲ್ಲಾಯಿತು. ಪರಸಿ ಚಪ್ಪಟೆಯಾಗಿ ಸುಲಭವಾಗಿ ಏಳುವುದು ಈ ಪದರಗಳಿಂದಲೇ. ನಿಮ್ಮ ಮನೆಯ ಪಡಸಾಲೆಯಲ್ಲಿ ಅಂಥ ಪರಸಿ ಹಾಸಿದ್ದರೆ ನೀವು ಕಡಲ ತಳದ ಮೇಲೆಯೇ ಓಡಾಡುತ್ತಿದ್ದೀರಿ.

ಆಟದಲ್ಲಿರುವ ಮೂರೂ ಬಗೆಯ ಕಲ್ಲುಗಳು ಇಲ್ಲಿವೆ ಎಂಬುದನ್ನು ಗಮನಿಸಿದಿರಾ? ಹಾಗಾದರೆ ತಾಳಿಕೋಟೆಯ ಸುಣ್ಣಕಲ್ಲನ್ನು ಒಡೆದರೆ ಟೈಟೇನಿಯಮ್ ಸಿಗುವುದೇ? ಸಿಗುವುದಿಲ್ಲ. ಸುಣ್ಣಕಲ್ಲು ಬಹುಪಾಲು ಕ್ಯಾಲ್ಸಿಯಮ್ ಕಾರ್ಬೊನೇಟ್. ಟೈಟೇನಿಯಮ್‌ನ ಮುಖ್ಯ ಅದಿರುಗಳಾದ ಇಲ್ಮೆನೈಟ್ ಮತ್ತು ರೂಟೈಲ್ ಸಿಗುವುದು ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ ಮುಂತಾದ ಕಡಲತೀರದ ಕಪ್ಪು ಮರಳಿನಲ್ಲಿ. ಅಲೆಗಳು ಸಾವಿರಾರು ವರ್ಷ ಮರಳನ್ನು ಕೇರಿ, ಹಗುರವಾದದ್ದನ್ನು ಒಯ್ದು, ಭಾರವಾದ ಕಣಗಳನ್ನು ಉಳಿಸಿವೆ. ವಿಚಿತ್ರವೆಂದರೆ ನಮ್ಮ ಎರೆಮಣ್ಣಿನಲ್ಲಿ ಸುಣ್ಣಕಲ್ಲಿಗಿಂತ ಹೆಚ್ಚು ಟೈಟೇನಿಯಮ್ ಇದೆ. ಆ ಮಣ್ಣು ದಖನ್ನಿನ ಕಪ್ಪುಶಿಲೆ ಸವೆದು ಆದದ್ದು. ಆ ಶಿಲೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಪಾಲು ಟೈಟೇನಿಯಮ್ ಆಕ್ಸೈಡ್ ಇರುತ್ತದೆ. ಆದರೆ ಅದು ಅದಿರಾಗುವಷ್ಟು ಒಟ್ಟುಗೂಡಿಲ್ಲ.

ಚಿನ್ನವೂ ಹೀಗೆಯೇ. ಕೃಷ್ಣೆಯ ಆಚೆ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನವಿರುವುದು ಪ್ರಾಚೀನ ಪದರಶಿಲೆಗಳ ಬಿರುಕುಗಳಲ್ಲಿ ಬಿಸಿನೀರು ತಂದಿಟ್ಟ ಬೆಣಚುಕಲ್ಲಿನ ಎಳೆಗಳಲ್ಲಿ. ನಮ್ಮದೇ ಭೀಮಾ ಶ್ರೇಣಿಯ ಸುಣ್ಣಕಲ್ಲಿನಲ್ಲಿಯೂ ಇಂಥ ಉದಾಹರಣೆಯಿದೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ನೆಲ ಸೀಳಿದ ಸ್ತರಭಂಗದ ಗುಂಟ ಯುರೇನಿಯಮ್ ಸೇರಿಕೊಂಡಿದೆ. ಸ್ತರಭಂಗವಿಲ್ಲದ ಕಡೆ ಅದೇ ಸುಣ್ಣಕಲ್ಲು ಬರೀ ಪರಸಿ. ಕಲ್ಲಿನ ಜಾತಿ ಒಂದೇ ದ್ರವ್ಯವನ್ನು ನಿರ್ಧರಿಸುವುದಿಲ್ಲ. ಚದುರಿಹೋದ ಧಾತುವನ್ನು ಒಂದೆಡೆ ಕೂಡಿಸಿದ ಪ್ರಕ್ರಿಯೆ ಅಲ್ಲಿ ನಡೆದಿದೆಯೇ ಎಂಬುದೇ ಮುಖ್ಯ. ಆಟದಲ್ಲಿ ಪ್ರದೇಶ ಬದಲಾದಂತೆ ದ್ರವ್ಯ ಬದಲಾಗುತ್ತದೆ ಎಂಬ ತತ್ತ್ವ ಸರಿ; ಯಾವ ಕಲ್ಲಿನಲ್ಲಿ ಯಾವುದು ಎಂಬ ಪಟ್ಟಿ ಮಾತ್ರ ಕಲ್ಪನೆ.

ನಾಲ್ಕನೆಯ ಬಾಬು: ಕಾಲ

ಕಡಲ ತಳದಿಂದ ಲೋಹ ಆಯುವುದು ಬರೀ ಆಟವಲ್ಲ. ಗೋವೆಯ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1981ರ ಜನವರಿಯಲ್ಲಿ ‘ಗವೇಷಣಿ’ ಹಡಗಿನಿಂದ ಬಹುಲೋಹ ಗಂಟುಗಳನ್ನು ಮೊದಲಬಾರಿಗೆ ಮೇಲೆತ್ತಿದರು. ಆಲೂಗಡ್ಡೆಯಂತೆ ಕಾಣುವ ಈ ಕಪ್ಪು ಗಂಟುಗಳು ಕೆಸರಿನ ಮೇಲೆ ಸುಮ್ಮನೆ ಹರಡಿಕೊಂಡಿರುತ್ತವೆ. 1987ರಲ್ಲಿ ಭಾರತಕ್ಕೆ ಅಗ್ರಗಾಮಿ ಹೂಡಿಕೆದಾರ ದೇಶವೆಂಬ ಮಾನ್ಯತೆ ದೊರೆಯಿತು. 2002ರಲ್ಲಿ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಡನೆ ಅನ್ವೇಷಣೆಯ ಒಪ್ಪಂದವಾಯಿತು. ಮಧ್ಯ ಹಿಂದೂ ಮಹಾಸಾಗರದಲ್ಲಿ ನಮಗೆ ಉಳಿದಿರುವ ಪ್ರದೇಶ 75,000 ಚದರ ಕಿಲೋಮೀಟರ್. ಆಳ 5000 ಮೀಟರಿಗೂ ಹೆಚ್ಚು. ಅಲ್ಲಿರುವ ಗಂಟುಗಳ ಅಂದಾಜು 38 ಕೋಟಿ ಟನ್. ಇದರಲ್ಲಿ ಮ್ಯಾಂಗನೀಸ್ ಶೇಕಡ 24ರಷ್ಟು. ನಿಕ್ಕೆಲ್, ತಾಮ್ರ, ಕೋಬಾಲ್ಟ್ ಮೂರೂ ಸೇರಿ ಶೇಕಡ ಎರಡೂವರೆ.

ಭಾಗಾಕಾರ ಮಾಡಿ ನೋಡಿ. ಒಂದು ಚದರ ಮೀಟರಿಗೆ ಸರಾಸರಿ 5 ಕಿಲೋಗ್ರಾಮ್ ಬರುತ್ತದೆ. ಎರಡಡಿ ಚೌಕದ ಒಂದು ಪರಸಿಯಷ್ಟು ಜಾಗದಲ್ಲಿ ಸುಮಾರು 1.9 ಕಿಲೋಗ್ರಾಮ್ ಗಂಟುಗಳು, ಅವುಗಳಲ್ಲಿ ನಿಕ್ಕೆಲ್, ತಾಮ್ರ, ಕೋಬಾಲ್ಟ್ ಒಟ್ಟು 47 ಗ್ರಾಮ್. 5000 ಮೀಟರ್ ಕೆಳಗಿನಿಂದ ಇದನ್ನು ಆಯಬೇಕು. ಚೆನ್ನೈನ ಸಂಸ್ಥೆಯ ‘ವರಾಹ’ ಎಂಬ ಯಂತ್ರ 2021ರ ಏಪ್ರಿಲ್‌ನಲ್ಲಿ 5270 ಮೀಟರ್ ಆಳದ ತಳದಲ್ಲಿ ಚಲಿಸಿ ಪರೀಕ್ಷೆಯಲ್ಲಿ ಗೆದ್ದಿತು.

ಮೇಲೆತ್ತುವ ಶಕ್ತಿಯೇ ದುಬಾರಿ ಇರಬೇಕೆಂದು ನಿಮಗೆ ಅನಿಸಬಹುದು. ಲೆಕ್ಕ ಬೇರೆಯೇ ಹೇಳುತ್ತದೆ. ಗಂಟಿನ ಸಾಂದ್ರತೆ ನೀರಿನ ಸುಮಾರು ಎರಡರಷ್ಟು, ಆದ್ದರಿಂದ ನೀರಿನಲ್ಲಿ ಅದರ ತೂಕ ಅರ್ಧ. ಒಂದು ಟನ್ ಗಂಟನ್ನು 5500 ಮೀಟರ್ ಎತ್ತಲು ಬೇಕಾಗುವ ಕನಿಷ್ಠ ಶಕ್ತಿ ಸುಮಾರು 2.7 ಕೋಟಿ ಜೂಲ್, ಅಂದರೆ ಏಳೂವರೆ ಯೂನಿಟ್ ವಿದ್ಯುತ್. ಗಂಟಿನೊಂದಿಗೆ ಬರುವ ನೀರು, ಕೊಳವೆಯ ಘರ್ಷಣೆ, ಒತ್ತಡ ತಾಳುವ ಯಂತ್ರ, ತಿಂಗಳುಗಟ್ಟಲೆ ನಿಲ್ಲುವ ಹಡಗು ಇವೇ ನಿಜವಾದ ಖರ್ಚು.

ಇವೆಲ್ಲಕ್ಕಿಂತ ದೊಡ್ಡದು ಕಾಲದ ಬೆಲೆ. ಶಾರ್ಕಿನ ಹಲ್ಲಿನಂಥ ಚೂರೊಂದರ ಸುತ್ತ ಲೋಹದ ಆಕ್ಸೈಡುಗಳು ಕೂಡಿಕೊಳ್ಳುತ್ತ ಗಂಟು ಬೆಳೆಯುತ್ತದೆ. ಬೆಳವಣಿಗೆಯ ವೇಗ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. 5 ಮಿಲಿಮೀಟರ್ ಎಂದಿಟ್ಟುಕೊಂಡರೂ 3 ಸೆಂಟಿಮೀಟರ್ ತ್ರಿಜ್ಯದ ಗಂಟಿಗೆ 60 ಲಕ್ಷ ವರ್ಷ ಹಿಡಿಯುತ್ತದೆ. ಗಂಟುಗಳಿಗೆ ಅಂಟಿಕೊಂಡೇ ಬದುಕುವ ಜೀವಿಗಳೂ ಅಲ್ಲಿವೆ. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ದೇಶದ ಆಚೆಯ ಸಾಗರದಲ್ಲಿ ತಳವನ್ನು ನೇಗಿಲಿನಂಥ ಸಾಧನದಿಂದ ಉತ್ತು ನೋಡಿದರು. 26 ವರ್ಷಗಳ ನಂತರ, 2015ರಲ್ಲಿ ಮತ್ತೆ ಹೋದಾಗ ಆ ಸಾಲುಗಳು ಹಾಗೆಯೇ ಇದ್ದವು. ನಮ್ಮ ಹೊಲದಲ್ಲಿ ಉತ್ತ ಸಾಲು ಒಂದು ಮಳೆಗೆ ಮಾಸುತ್ತದೆ. ಅಲ್ಲಿ ಮಳೆಯೂ ಇಲ್ಲ, ಗಾಳಿಯೂ ಇಲ್ಲ.

ನಿಕ್ಕೆಲ್, ಕೋಬಾಲ್ಟ್‌ಗಳು ಬ್ಯಾಟರಿಗಳಿಗೆ ಬೇಕು. ನಮ್ಮ ದೇಶ ಅವನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದೆ. ಇದು ಒಂದು ಕಡೆಯ ವಾದ. ಒಮ್ಮೆ ಕೆದಕಿದ ತಳ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸರಿಹೋಗದು ಎಂಬುದು ಇನ್ನೊಂದು ಕಡೆಯದು. ವಾಣಿಜ್ಯ ಗಣಿಗಾರಿಕೆಯ ಅಂತರರಾಷ್ಟ್ರೀಯ ನಿಯಮಾವಳಿ 2025ರ ಅಧಿವೇಶನದಲ್ಲಿಯೂ ಅಂತಿಮಗೊಳ್ಳಲಿಲ್ಲ. ಇದನ್ನು ತೀರ್ಮಾನಿಸುವ ಕಾಲಕ್ಕೆ ಇಂದಿನ ವಿದ್ಯಾರ್ಥಿಗಳು ಮತದಾರರಾಗಿರುತ್ತಾರೆ, ಕೆಲವರು ವಿಜ್ಞಾನಿಗಳೂ ಆಗಿರುತ್ತಾರೆ.

ಮಾಡಿ ನೋಡಿ

1. ಪ್ರನಾಳವೊಂದರ ಒಳಗೋಡೆಗೆ ನೀರಿನಲ್ಲಿ ಕರಗುವ ಶಾಯಿಯನ್ನು ಸವರಿ ಒಣಗಿಸಿ. ಅದನ್ನು ತಲೆಕೆಳಗಾಗಿ ಭಾರಕ್ಕೆ ಕಟ್ಟಿ, ಹಗ್ಗದಿಂದ ಬಾವಿಯಲ್ಲಿ 5 ಮೀಟರ್ ಆಳಕ್ಕೆ ಇಳಿಸಿ ಮೇಲೆತ್ತಿ. ಈ ಕೆಲಸವನ್ನು ಶಿಕ್ಷಕರೇ ಮಾಡಬೇಕು. ವಿದ್ಯಾರ್ಥಿಗಳು ಬಾವಿಯ ಕಟ್ಟೆಯಿಂದ ದೂರ ನಿಂತಿರಬೇಕು. ಶಾಯಿ ಎಷ್ಟು ಉದ್ದಕ್ಕೆ ತೊಳೆದುಹೋಗಿದೆ ಎಂದು ಅಳೆಯಿರಿ. ಬಾಯ್ಲ್‌ನ ನಿಯಮದ ಪ್ರಕಾರ ಅದು ಪ್ರನಾಳದ ಉದ್ದದ ಮೂರನೆಯ ಒಂದು ಭಾಗವಿರಬೇಕು.

2. ಶಾಲೆಯ ಮೈದಾನದಲ್ಲಿ ಒಬ್ಬ ವಿದ್ಯಾರ್ಥಿ ತಲೆಯೆತ್ತದೆ ದಿಕ್ಸೂಚಿಯನ್ನಷ್ಟೇ ನೋಡುತ್ತ 100 ಮೀಟರ್ ನಡೆಯಲಿ. ಪಕ್ಕಕ್ಕೆ ಎಷ್ಟು ಸರಿದಿದ್ದಾನೆ ಎಂದು ಅಳೆದು ದಿಕ್ಕಿನ ದೋಷವನ್ನು ಡಿಗ್ರಿಯಲ್ಲಿ ಲೆಕ್ಕ ಹಾಕಿ. 8.7 ಮೀಟರ್ ಬಂದರೆ ದೋಷ 5 ಡಿಗ್ರಿ.

3. ಪರಸಿಯ ಚೂರಿನ ಮೇಲೆ ನಿಂಬೆರಸ ಹಿಂಡಿ. ಏಳುವ ಗುಳ್ಳೆಗಳು ಕಾರ್ಬನ್ ಡೈಆಕ್ಸೈಡ್. ಕೋಟ್ಯಂತರ ವರ್ಷಗಳ ಹಿಂದೆ ಕಡಲ ನೀರಿನಲ್ಲಿ ಕರಗಿದ್ದ ಇಂಗಾಲ ಈಗ ಹೊರಬರುತ್ತಿದೆ.

4. ಹಳ್ಳದ ಒಣ ಮರಳಿನಲ್ಲಿ, ಕಾಗದ ಸುತ್ತಿದ ಅಯಸ್ಕಾಂತವನ್ನು ಆಡಿಸಿ. ಅಂಟಿಕೊಳ್ಳುವ ಕಪ್ಪು ಕಣಗಳು ಕಪ್ಪುಶಿಲೆಯಿಂದ ಬಂದ ಕಬ್ಬಿಣದ ಆಕ್ಸೈಡು; ಅದರಲ್ಲಿ ಟೈಟೇನಿಯಮ್ ಕೂಡ ಇರುತ್ತದೆ. ಒಂದು ಕಿಲೋ ಮರಳಿನಿಂದ ಎಷ್ಟು ಗ್ರಾಮ್ ಕಣಗಳು ಬಂದವು ಎಂದು ತೂಗಿ.

ಆಟದಲ್ಲಿ ಒಂದು ಗುಂಡಿ ಒತ್ತಿದರೆ ಕೈಗೆ ಬರುವ ಲೋಹ ಇಲ್ಲಿ ಚಿಟಿಕೆಯಷ್ಟೂ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ವಿದ್ಯಾರ್ಥಿಗಳು ತಮ್ಮ ಟಿಪ್ಪಣಿಯಲ್ಲಿ ಬರೆದುಕೊಳ್ಳಲಿ.